ಕ್ಯಾರಿಯರ್ ಇಲ್ಲದ ಸೈಕಲ್ಲು, ಕೆಲಸದ ಚೀಲದ ಭಾರ

ಬೆಳಗಿನ ಎಂಟು ಗಂಟೆಯ ಸುಮಾರಿಗೆ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಒಂದು ಊರಿನ ದುಡಿಮೆಯೇ ಕಣ್ಣ ಮುಂದೆ ಹಾದುಹೋಗುತ್ತದೆ. ಮೋಟಾರ್ ಸೈಕಲ್ಲುಗಳೂ ರಿಕ್ಷಾಗಳೂ ಹೆಚ್ಚಿರುವ ಈ ಕಾಲದಲ್ಲಿಯೂ ಅವುಗಳ ಎಡೆಯಲ್ಲಿ ಅಂಚು ಹಿಡಿದು ಸಾಗುವ ಸೈಕಲ್ಲುಗಳು ಕಾಣದೆ ಇರುವುದಿಲ್ಲ. ಒಬ್ಬನ ಬೆನ್ನ ಮೇಲಿನ ಚೀಲದಿಂದ ಗರಗಸದ ಹಿಡಿ ಇಣುಕುತ್ತಿರುತ್ತದೆ. ಇನ್ನೊಬ್ಬನ ಹ್ಯಾಂಡಲ್ಲಿಗೆ ಕರಣೆ, ಮಟ್ಟಗೋಲು, ತೂಗುಗುಂಡುಗಳನ್ನು ತುಂಬಿದ ಗೋಣಿಚೀಲ ಜೋತುಬಿದ್ದಿರುತ್ತದೆ. ಮತ್ತೊಬ್ಬನ ಒಂದು ಕೈ ಹ್ಯಾಂಡಲ್ಲಿನ ಮೇಲಿದ್ದರೆ ಇನ್ನೊಂದು ಕೈ ಹೆಗಲ ಮೇಲಿನ ಪೈಪನ್ನು ಹಿಡಿದಿರುತ್ತದೆ. ನೋಡುವವರಿಗೆ ಇದು ನಿತ್ಯದ ದೃಶ್ಯ. ಹೊತ್ತು ಹೋಗುವವರಿಗೆ ಮಾತ್ರ ಇದು ಬೆನ್ನುನೋವು, ಕತ್ತುನೋವು, ಕೆಲವೊಮ್ಮೆ ಮುರಿದ ಕೈ.

ಈ ಲೇಖನಕ್ಕೆ ಕಾರಣವಾದುದೂ ಅಂಥ ಒಂದು ಮುರಿದ ಕೈ.

ಒಂದು ತಿರುವಿನಲ್ಲಿ ನಡೆದದ್ದು

ನಮ್ಮ ಓಣಿಯಲ್ಲಿ ಬಡಗಿ ಕೆಲಸದ ಒಬ್ಬ ಗೃಹಸ್ಥರಿದ್ದಾರೆ. ಸುಮಾರು ಮೂವತ್ತು ವರ್ಷ ಒಂದೇ ಕರಿಯ ಸೈಕಲ್ಲನ್ನು ತುಳಿದವರು. ಅದರ ಕ್ಯಾರಿಯರಿನ ಮೇಲೆ ಹತ್ಯಾರಗಳ ಪೆಟ್ಟಿಗೆಯನ್ನಿಟ್ಟು ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದು ಹೊರಟರೆ, ಊರ ಆ ಕಡೆಯ ಕೊನೆಯಾದರೂ ಸರಿ, ನಿಶ್ಚಿಂತೆಯಿಂದ ಮುಟ್ಟುತ್ತಿದ್ದರು. ಕಳೆದ ವರ್ಷ ಆ ಸೈಕಲ್ಲಿನ ಚೌಕಟ್ಟು ಬೆಸುಗೆಯ ಬಳಿ ಬಿರುಕು ಬಿಟ್ಟಿತು. ಮಗನು ಪುಣೆಗೆ ನೌಕರಿಗೆ ಹೋಗುವಾಗ ಬಿಟ್ಟುಹೋಗಿದ್ದ ದಪ್ಪ ಟಾಯರಿನ ಹೊಸ ಮಾದರಿಯ ಸೈಕಲ್ಲು ಮನೆಯಲ್ಲಿತ್ತು. ಹೀಗೆ ಮಗನ ಸೈಕಲ್ಲು ತಂದೆಯ ಪಾಲಿಗೆ ಬಂದಿತು. ಆದರೆ ಅದಕ್ಕೆ ಕ್ಯಾರಿಯರ್ ಇರಲಿಲ್ಲ. ಕ್ಯಾರಿಯರನ್ನು ಕೂರಿಸುವ ತೂತುಗಳು ಕೂಡ ಇರಲಿಲ್ಲ.

ಅವರು ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಿದರು. ಕೆಲವು ದಿನ ಏನೂ ಆಗಲಿಲ್ಲ. ಒಂದು ಮುಂಜಾನೆ ತಿರುವಿನಲ್ಲಿ ಚೀಲವು ಒಳಕ್ಕೆ ಓಲಾಡಿ, ಸುತ್ತಿಗೆಯ ಕಾವು ಮುಂದಿನ ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಗಾಲಿ ಒಮ್ಮೆಲೇ ನಿಂತಿತು. ಸವಾರರು ಹ್ಯಾಂಡಲ್ಲಿನ ಮೇಲಿಂದ ಹಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು.

ನೋಡಲು ಹೋದಾಗ ಅವರು ಹೇಳಿದ ಮಾತು ಇದು: "ಮಾಸ್ತರ್ರ, ಕೈ ಮುರದದ್ದು ನನ್ನದೊಂದು. ಕೆಲಸ ಮುರದದ್ದು ಮಾತ್ರ ಮನಿ ಮಂದಿಗೆಲ್ಲಾ."

ಅವರ ಮನೆಯವರು, ನಾವು ವೈನಿ ಎಂದು ಕರೆಯುವವರು, ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಚೀಲ, ಕೌದಿ ಹೊಲಿಯುತ್ತಾರೆ. ಅವರು ಚಹಾ ತಂದಿಟ್ಟು ಕೇಳಿದರು: "ಹ್ಯಾಂಡಲ್ಲಿಗೆ ಹಾಕಬ್ಯಾಡ್ರಿ ಅಂತೀರಿ. ಬೆನ್ನಿಗೆ ಹಾಕ್ಕೊಂಡ್ರ ಸೊಂಟ ಹೋಗತೈತಿ ಅಂತಾರ. ಹಂಗಾರ ಈ ಭಾರ ಹೊರೋರು ಯಾರ್ರೀ ಮಾಸ್ತರ್ರ?"

ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಉತ್ತರ ಹುಡುಕುತ್ತ ನಾನು ಓದಿ ತಿಳಿದುದನ್ನೂ, ನಮ್ಮ ಓಣಿಯ ಸೈಕಲ್ ದುರಸ್ತಿಯವರು ಕೈಯಾರೆ ಮಾಡಿ ತೋರಿಸಿದುದನ್ನೂ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಕ್ಯಾರಿಯರ್ ಎಲ್ಲಿ ಹೋಯಿತು?

ನಮ್ಮ ದೇಶದ ಕರಿಯ ಸೈಕಲ್ಲು ದುಡಿಯುವವರ ವಾಹನವಾಗಿಯೇ ಬೆಳೆದು ಬಂದುದು. ಮದರಾಸಿನ ಟಿ.ಐ. ಸೈಕಲ್ ಕಂಪನಿ 1949ರಲ್ಲಿಯೂ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿಯೂ, ಲೂಧಿಯಾನದ ಹೀರೋ 1956ರಲ್ಲಿಯೂ ಆರಂಭವಾದವು. ಅವು ತಯಾರಿಸಿದ ಸಾದಾ ಸೈಕಲ್ಲಿನಲ್ಲಿ ಕ್ಯಾರಿಯರಿನ ಕಾಲುಗಳನ್ನು ಹಿಂದಿನ ಗಾಲಿಯ ಅಚ್ಚಿನ ನಟ್ಟಿಗೇ ಸೇರಿಸಿ ಬಿಗಿಯುತ್ತಿದ್ದರು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ನೂಲಿನ ಗಂಟು, ಮಡದಿ ಮಕ್ಕಳು ಎಲ್ಲರಿಗೂ ಅದರ ಮೇಲೆ ಸ್ಥಳವಿತ್ತು.

ಹೊಸ ಮಾದರಿಯ ಸೈಕಲ್ಲಿನ ಹುಟ್ಟು ಬೇರೆ. 1970ರ ದಶಕದ ಕೊನೆಯಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಪ್ರಾಂತದಲ್ಲಿ ಕೆಲವು ತರುಣರು ಗುಡ್ಡದ ಕಚ್ಚಾ ದಾರಿಯಲ್ಲಿ ವೇಗವಾಗಿ ಇಳಿಯುವ ಆಟಕ್ಕೆಂದು ದಪ್ಪ ಟಾಯರಿನ ಸೈಕಲ್ಲುಗಳನ್ನು ರೂಪಿಸಿದರು. ಗುಡ್ಡ ಇಳಿಯುವ ಆಟದಲ್ಲಿ ಹೊರೆಯೇ ಇಲ್ಲ; ಆದುದರಿಂದ ಕ್ಯಾರಿಯರಿಗೂ ಕೆಲಸವಿಲ್ಲ. ಆ ಮಾದರಿ ಲೋಕವನ್ನೆಲ್ಲ ಸುತ್ತಿ ನಮ್ಮ ಅಂಗಡಿಗಳಿಗೂ ಬಂದಿತು. ಕಾಲೇಜಿನ ಹುಡುಗರು ಮೆಚ್ಚಿಕೊಂಡರು. ಇತ್ತ ಅಟ್ಲಾಸ್ ಕಂಪನಿಯ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ ತಿಂಗಳಲ್ಲಿ ನಿಂತುಹೋಯಿತು. ಕರಿಯ ಸೈಕಲ್ಲು ಇನ್ನೂ ಸಿಗುತ್ತದೆ, ನಿಜ. ಆದರೆ ಮನೆಯಲ್ಲಿ ಒಂದು ಸೈಕಲ್ಲು ನಿಂತಿರುವಾಗ ಇನ್ನೊಂದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಇದಕ್ಕೆ ಜೊತೆಯಾಗಿ ಕೆಲಸಕ್ಕೆ ಹೋಗುವ ದೂರವೂ ಹೆಚ್ಚಿದೆ. ನಮ್ಮಲ್ಲಿಯೇ ನೋಡಿರಿ: 2024ರ ಜನವರಿಯಲ್ಲಿ ಸೊಲ್ಲಾಪುರದ ಹೊರಗೆ ಕುಂಭಾರಿಯ ರೇನಗರದಲ್ಲಿ ಅಸಂಘಟಿತ ಕಾರ್ಮಿಕರಿಗೆ ಹದಿನೈದು ಸಾವಿರ ಮನೆಗಳು ದೊರೆತವು. ಸ್ವಂತ ಮನೆಯಾದುದು ಸಂತೋಷದ ಸಂಗತಿ. ಆದರೆ ಊರ ನಡುವೆ ಕೆಲಸವಿದ್ದು ಊರ ಹೊರಗೆ ಮನೆಯಾದವರಿಗೆ ಹತ್ಯಾರಗಳನ್ನು ಪ್ರತಿದಿನ ಅಷ್ಟು ದೂರ ಸಾಗಿಸುವ ಪ್ರಶ್ನೆ ಬಂದೇ ಬರುತ್ತದೆ.

ಭಾರದ ಸ್ವಭಾವ

ಭಾರವನ್ನು ಎಲ್ಲಿಡಬೇಕೆಂಬುದನ್ನು ತಿಳಿಯಬೇಕಾದರೆ ಮೊದಲು ಅದು ಏನು ಮಾಡುತ್ತದೆಂಬುದನ್ನು ತಿಳಿಯಬೇಕು.

ಹ್ಯಾಂಡಲ್ಲಿಗೆ ಜೋತುಬಿದ್ದ ಚೀಲ ಎರಡು ಬಗೆಯಲ್ಲಿ ಕೆಡುಕು ಮಾಡುತ್ತದೆ. ಒಂದು ಪಕ್ಕದ ತೂಕವು ಹ್ಯಾಂಡಲ್ಲನ್ನು ಆ ಕಡೆಗೇ ಎಳೆಯುತ್ತದೆ. ಸವಾರನು ಅರಿಯದೆಯೇ ದಾರಿಯುದ್ದಕ್ಕೂ ಅದರೊಡನೆ ಸೆಣಸುತ್ತಾನೆ. ಮೇಲಾಗಿ ಜೋತುಬಿದ್ದ ವಸ್ತು ತೊಟ್ಟಿಲಿನಂತೆ ಓಲಾಡಿ, ಗಾಲಿಯ ಕಡ್ಡಿಗಳೊಳಗೆ ನುಗ್ಗಲು ಒಂದೇ ಒಂದು ಗುಂಡಿ ಸಾಕು. ಹಿಂದಿನ ಗಾಲಿ ಸಿಕ್ಕಿಕೊಂಡರೆ ಸೈಕಲ್ಲು ಎಳೆದಾಡಿ ನಿಲ್ಲುತ್ತದೆ. ಮುಂದಿನದು ಸಿಕ್ಕಿಕೊಂಡರೆ ಸವಾರನನ್ನೇ ಎತ್ತಿ ಒಗೆಯುತ್ತದೆ.

ಬೆನ್ನ ಮೇಲಿನ ಚೀಲ ಇಷ್ಟು ಅಪಾಯಕಾರಿಯಲ್ಲ. ಎರಡು ಮೂರು ಕಿಲೋ ತೂಕವನ್ನು ಸ್ವಲ್ಪ ದೂರ ಒಯ್ಯಲು ಅಡ್ಡಿಯಿಲ್ಲ. ಆದರೆ ಹತ್ತು ಕಿಲೋ ಕಬ್ಬಿಣವನ್ನು ಬೆನ್ನಿಗೆ ಕಟ್ಟಿದರೆ ಆ ಭಾರ ಸೊಂಟವನ್ನು ದಾಟಿಯೇ ಸೀಟಿಗೆ ಇಳಿಯಬೇಕು. ಭಾರ ಎತ್ತರದಲ್ಲಿರುವುದರಿಂದ ಸೈಕಲ್ಲು ಎಡಬಲಕ್ಕೆ ಬಾಗುವಾಗ ತೂಕ ತಪ್ಪಿಸುತ್ತದೆ. ನಮ್ಮ ಕಡೆಯ ವೈಶಾಖದ ಬಿಸಿಲಿನಲ್ಲಿ ಬೆನ್ನು ಬೆವರಿನಿಂದ ತೊಯ್ದುಹೋಗುವುದು ಬೇರೆ. ಇನ್ನು ಉಳಿ, ಗರಗಸಗಳಿರುವ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಮಲ್ಲಾಡಿ ಬಿದ್ದರೆ ಗತಿಯೇನೆಂಬುದನ್ನು ಹೇಳಬೇಕಾಗಿಲ್ಲ.

ಹೀಗಾಗಿ ನಿಯಮ ಒಂದೇ: ಭಾರವನ್ನು ಸವಾರನ ಎಲುಬು ಹೊರಬಾರದು, ಸೈಕಲ್ಲಿನ ಎಲುಬು ಹೊರಬೇಕು. ಅದು ಆದಷ್ಟು ಕೆಳಗಿರಬೇಕು, ಎರಡು ಗಾಲಿಗಳ ನಡುವೆ ಇರಬೇಕು, ಓಲಾಡದಂತೆ ಬಿಗಿದಿರಬೇಕು.

ಹಿಂದಿನವರು ಕಂಡುಕೊಂಡದ್ದು

ಇದು ಹೊಸ ಶೋಧವಲ್ಲ. ಸ್ವಿಟ್ಜರ್ಲೆಂಡಿನ ಸೈನ್ಯ 1905ರಲ್ಲಿ ಬಳಕೆಗೆ ತಂದ ಸೈಕಲ್ಲಿನಲ್ಲಿ ಚೌಕಟ್ಟಿನ ತ್ರಿಕೋನದೊಳಗೇ ಒಂದು ಚೀಲವನ್ನು ಕೂರಿಸಿದ್ದರು. ಸವಾರನ ಎರಡು ಮೊಣಕಾಲುಗಳ ನಡುವೆ ಖಾಲಿಯಾಗಿರುವ ಆ ಸ್ಥಳವೇ ಇಡೀ ಸೈಕಲ್ಲಿನಲ್ಲಿ ಭಾರಕ್ಕೆ ಅತ್ಯಂತ ಯೋಗ್ಯವಾದುದು.

ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ನೆಲ್ಸನ್ ಎಂಬುದು ಸೊಲ್ಲಾಪುರದಂತೆಯೇ ಹತ್ತಿಬಟ್ಟೆಯ ನೇಕಾರಿಕೆಯಿಂದ ಬೆಳೆದ ಊರು. ಅಲ್ಲಿ ವಿಲ್ಫ್ ಕ್ಯಾರಡೈಸ್ ಎಂಬವರು ತಮ್ಮ ಸೈಕಲ್ಲಿನ ಸೀಟಿಗೆ ತೂಗುವ ಗಟ್ಟಿಬಟ್ಟೆಯ ಚೀಲವನ್ನು ಹೊಲಿದು, 1932ರಲ್ಲಿ ಅದನ್ನೇ ಉದ್ಯೋಗವನ್ನಾಗಿ ಮಾಡಿಕೊಂಡರು. ಆ ಚೀಲಕ್ಕೆ ಕ್ಯಾರಿಯರ್ ಬೇಕಿಲ್ಲ. ಚರ್ಮದ ಸೀಟಿನ ಹಿಂಭಾಗದ ಎರಡು ಕುಣಿಕೆಗಳಿಗೆ ಎರಡು ಪಟ್ಟಿ, ಸೀಟಿನ ಕೊಳವೆಗೆ ಮೂರನೆಯ ಪಟ್ಟಿ, ಇಷ್ಟೆ. ನಮ್ಮ ಹಿರಿಯರ ಸೈಕಲ್ಲುಗಳಲ್ಲಿ ಪಂಕ್ಚರ್ ಸಾಮಾನಿನ ಪುಟ್ಟ ಚರ್ಮದ ಚೀಲ ಸೀಟಿನ ಹಿಂದೆ ತೂಗುತ್ತಿದ್ದುದನ್ನು ಕಂಡವರಿಗೆ ಈ ಉಪಾಯ ಹೊಸದಾಗಿ ತೋರದು.

ಇನ್ನೂ ದೊಡ್ಡ ಉದಾಹರಣೆ ವಿಯೆಟ್ನಾಮಿನದು. 1954ರ ದಿಯೆನ್ ಬಿಯೆನ್ ಫು ಯುದ್ಧದಲ್ಲಿ ಅಲ್ಲಿಯ ಜನರು ಸಾವಿರಾರು ಸೈಕಲ್ಲುಗಳಲ್ಲಿ ಅಕ್ಕಿಯನ್ನೂ ಮದ್ದುಗುಂಡುಗಳನ್ನೂ ಕಾಡುದಾರಿಯಲ್ಲಿ ಸಾಗಿಸಿದರು. ಸೀಟಿನ ಕೊಳವೆಗೊಂದು ಬಿದಿರುಕೋಲು, ಹ್ಯಾಂಡಲ್ಲಿಗೆ ಅಡ್ಡವಾಗಿ ಇನ್ನೊಂದು ಕೋಲು ಕಟ್ಟಿ, ಚೌಕಟ್ಟಿನ ಎರಡೂ ಬದಿಗೆ ಹೊರೆ ಬಿಗಿದು, ಪಕ್ಕದಲ್ಲಿ ನಡೆಯುತ್ತ ತಳ್ಳುತ್ತಿದ್ದರು. ಒಂದೊಂದು ಸೈಕಲ್ಲು ಇನ್ನೂರು ಕಿಲೋಗೂ ಮಿಕ್ಕಿ ಹೊತ್ತಿತು. ಇದರಲ್ಲಿ ಎರಡು ಪಾಠಗಳಿವೆ. ಸೈಕಲ್ಲಿನ ಚೌಕಟ್ಟು ನಾವೆಣಿಸಿದುದಕ್ಕಿಂತ ಬಲವಾದುದು. ಭಾರ ಮಿತಿಮೀರಿದಾಗ ಏರಿ ತುಳಿಯದೆ ಇಳಿದು ತಳ್ಳುವುದು ಅವಮಾನವಲ್ಲ.

ತ್ರಿಕೋನದ ಚೀಲ

ಈಗ ವೈನಿಯವರು ಹೊಲಿದ ಚೀಲದ ವಿಷಯ. ಹೊಲಿಗೆ ಬಲ್ಲ ಯಾರಾದರೂ ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಬಹುದು.

ಸೈಕಲ್ಲನ್ನು ಗೋಡೆಗೆ ಆನಿಸಿ, ಚೌಕಟ್ಟಿನ ತ್ರಿಕೋನದೊಳಗೆ ರಟ್ಟನ್ನು ಹಿಡಿದು ಒಳ ಅಂಚಿನ ಗೆರೆ ಎಳೆಯಬೇಕು. ಆ ಗೆರೆಗಿಂತ ಒಂದು ಬೆರಳು ಒಳಕ್ಕೆ ಕತ್ತರಿಸಬೇಕು. ಇದೇ ಅಳತೆ. ಇದರಂತೆ ಕ್ಯಾನ್ವಾಸಿನ ಎರಡು ತುಂಡುಗಳನ್ನು ಕತ್ತರಿಸಿ, ನಡುವೆ ನಾಲ್ಕು ಬೆರಳಗಲದ ಪಟ್ಟಿಯನ್ನಿಟ್ಟು ಹೊಲಿದರೆ ಚೀಲ ಸಿದ್ಧ. ಅಗಲ ಇದಕ್ಕಿಂತ ಹೆಚ್ಚಾದರೆ ತುಳಿಯುವಾಗ ಮೊಣಕಾಲು ತಾಕುತ್ತದೆ. ಕ್ಯಾನ್ವಾಸಿಗೆ ಒಳಪದರವಾಗಿ ವೈನಿಯವರು ಹಳೆಯ ಸೊಲ್ಲಾಪುರಿ ಚಾದರವನ್ನು ಹಾಕಿದರು. ಹತ್ಯಾರಗಳು ಒಂದಕ್ಕೊಂದು ಬಡಿಯುವ ಸದ್ದು ಇದರಿಂದ ನಿಂತಿತು. ಅದರೊಳಗೆ ತೊಳೆದ ಗೊಬ್ಬರದ ಚೀಲವನ್ನು ಸೇರಿಸಿದರೆ ಮಳೆಯ ನೀರೂ ಒಳಗಿಳಿಯದು. ಕಾಸರಗೋಡು, ವಯನಾಡುಗಳ ಮಳೆಯಲ್ಲಿ ಓಡಾಡುವ ನಮ್ಮ ಬಾಂಧವರು ಇದನ್ನು ಮರೆಯಬಾರದು.

ಕಟ್ಟುವ ಪಟ್ಟಿಗಳು ನಾಲ್ಕು ಬೇಕು: ಮೇಲಿನ ಬಾರಿಗೆ ಎರಡು, ಮುಂದಿನ ಇಳಿಜಾರು ಕೊಳವೆಗೆ ಒಂದು, ಸೀಟಿನ ಕೊಳವೆಗೆ ಒಂದು. ಬ್ರೇಕಿನ ಮತ್ತು ಗೇರಿನ ತಂತಿಗಳು ಕೊಳವೆಗಳ ಮೇಲೆ ಹರಿದಿರುತ್ತವೆ. ಪಟ್ಟಿಯು ಅವುಗಳನ್ನು ಒತ್ತದಂತೆ ನೋಡಬೇಕು. ಬಾಯಿಗೆ ಜಿಪ್ಪು ಹಾಕಿದರೆ ಕಬ್ಬಿಣದ ಭಾರಕ್ಕೆ ಅದು ಬೇಗ ಬಾಯ್ಬಿಡುತ್ತದೆ. ಮಡಚುವ ಮುಚ್ಚಳವೂ ಬಕ್ಕಲ್ಲೂ ಲೇಸು. ಸುತ್ತಿಗೆ, ಇಕ್ಕಳ, ಡ್ರಿಲ್ ಯಂತ್ರಗಳಂಥ ಭಾರದ ವಸ್ತುಗಳು ಕೆಳಗೆ, ಪೆಡಲಿನ ಅಚ್ಚಿನ ಬಳಿ ಇರಬೇಕು. ಉಳಿಗಳ ಬಾಯಿಗೆ ಬಟ್ಟೆ ಸುತ್ತಬೇಕು. ಉದ್ದನೆಯ ಗರಗಸದ ಹಲ್ಲಿಗೆ ಸೀಳಿದ ಹಳೆಯ ಟ್ಯೂಬನ್ನು ತೊಡಿಸಿ, ಮೇಲಿನ ಬಾರಿಗೆ ಉದ್ದಕ್ಕೆ ಬಿಗಿಯಬಹುದು. ಹ್ಯಾಂಡಲ್ಲು ಎರಡೂ ಕಡೆಗೆ ಪೂರ್ತಿ ತಿರುಗುವುದೇ ಎಂದು ನೋಡಿಕೊಂಡು ಹೊರಡಬೇಕು.

ಸೀಟಿನ ಹಿಂದೆ

ತ್ರಿಕೋನದಲ್ಲಿ ಹಿಡಿಯದುದು ಸೀಟಿನ ಹಿಂದೆ ಹೋಗಬಹುದು. ಈಗಿನ ಸೀಟುಗಳಲ್ಲಿ ಕುಣಿಕೆಗಳಿಲ್ಲದಿದ್ದರೂ ಅಡಿಯಲ್ಲಿ ಎರಡು ಕಬ್ಬಿಣದ ಸರಳುಗಳಿರುತ್ತವೆ. ಅವುಗಳಿಗೆ ಎರಡು ಪಟ್ಟಿ, ಸೀಟಿನ ಕೊಳವೆಗೆ ಒಂದು ಪಟ್ಟಿ ಬಿಗಿದರೆ ಚೀಲ ಕದಲದು. ಚೀಲದ ಮೇಲಂಚಿನ ಒಳಗೆ ಅಡ್ಡವಾಗಿ ಒಂದು ಮರದ ಕೋಲನ್ನಿಟ್ಟು, ಪಟ್ಟಿಗಳನ್ನು ಅದರ ಸುತ್ತ ತಂದರೆ ಚೀಲವು ನಡುವೆ ಜೋಲುವುದಿಲ್ಲ. ನೆಲ್ಸನ್ನಿನ ಚೀಲಗಳಲ್ಲಿಯೂ ಇದೇ ಉಪಾಯವಿದೆ. ಚೀಲದ ತಳಕ್ಕೂ ಟಾಯರಿಗೂ ನಡುವೆ ನಾಲ್ಕು ಬೆರಳ ಅಂತರವಿರಲಿ. ಸೀಟು ತೀರ ತಗ್ಗಾಗಿದ್ದರೆ ಈ ವಿಧಾನ ನಡೆಯದು.

ಹ್ಯಾಂಡಲ್ಲಿಗೆ ಏನನ್ನೂ ಕಟ್ಟಬಾರದೆಂದಲ್ಲ. ಬದಲಿ ಅಂಗಿ, ರೊಟ್ಟಿಯ ಗಂಟು ಮುಂತಾದ ಹಗುರ ವಸ್ತುಗಳನ್ನು ಸುರುಳಿ ಮಾಡಿ ಹ್ಯಾಂಡಲ್ಲಿನ ನಡುವೆ ಬಿಗಿದು ಕಟ್ಟಬಹುದು. ಕಟ್ಟಬೇಕು, ತೂಗುಹಾಕಬಾರದು, ಭೇದ ಇಷ್ಟೇ.

ತೂತಿಲ್ಲದ ಸೈಕಲ್ಲಿಗೆ ಕ್ಯಾರಿಯರ್

ಕ್ಯಾರಿಯರೇ ಬೇಕೆನ್ನುವವರಿಗೂ ದಾರಿಗಳುಂಟು. ನಮ್ಮ ಓಣಿಯ ದುರಸ್ತಿಯವರ ಮನೆಮಾತು ತೆಲುಗು. ಗಿರಾಕಿಗಳೊಡನೆ ಮರಾಠಿ, ನಮ್ಮೊಡನೆ ಕನ್ನಡ. ಅವರು ನೆಲದ ಮೇಲೆ ಕುಳಿತು ಸ್ಪ್ಯಾನರ್ ಹಿಡಿದು ವಿವರಿಸಿದುದು ಹೀಗೆ.

ಮೊದಲನೆಯದಾಗಿ ಹಿಂದಿನ ಗಾಲಿ ನಟ್ಟಿನಿಂದ ಬಿಗಿದುದೋ, ಕೈಯಿಂದ ಸಡಿಲಿಸುವ ಕೊಂಡಿಯದೋ ನೋಡಬೇಕು. ನಟ್ಟಿದ್ದರೆ ಕರಿಯ ಸೈಕಲ್ಲಿನಂತೆ ಕ್ಯಾರಿಯರಿನ ಕಾಲುಗಳನ್ನು ಅಚ್ಚಿಗೇ ಸೇರಿಸಬಹುದು. ಅಚ್ಚು ಸಾಕಷ್ಟು ಉದ್ದವಾಗಿದ್ದು ನಟ್ಟು ಪೂರ್ತಿ ಹಿಡಿಯಬೇಕು. ಎರಡನೆಯದಾಗಿ, ಒಳಗೆ ರಬ್ಬರು ಇರುವ ಲೋಹದ ಪೈಪು ಕ್ಲಿಪ್ಪುಗಳನ್ನು ಹಿಂದಿನ ಕೊಳವೆಗಳ ಸುತ್ತ ಬಿಗಿದು, ತೂತಿಲ್ಲದ ಕಡೆ ತೂತನ್ನು ಸೃಷ್ಟಿಸಿಕೊಳ್ಳಬಹುದು. ಇದು ಅಗ್ಗ, ಆದರೆ ಭಾರ ಮಿತವಾಗಿರಬೇಕು, ವಾರಕ್ಕೊಮ್ಮೆ ಸ್ಕ್ರೂ ಬಿಗಿಯಬೇಕು. ಮೂರನೆಯದಾಗಿ, ಸೀಟಿನ ಕೊಳವೆಯೊಂದನ್ನೇ ಹಿಡಿದು ನಿಲ್ಲುವ ಕ್ಯಾರಿಯರುಗಳು ಬಂದಿವೆ. ಇವುಗಳಲ್ಲಿ ಹೆಚ್ಚಿನವು ಹತ್ತು ಕಿಲೋ ಮೀರಿದ ಭಾರಕ್ಕಲ್ಲ. ಗುಂಡಿಯಲ್ಲಿ ಕುಲುಕಿದಾಗ ಪಕ್ಕಕ್ಕೆ ತಿರುಗುವ ಸ್ವಭಾವವೂ ಇವಕ್ಕುಂಟು.

ಎರಡು ಎಚ್ಚರಿಕೆಗಳನ್ನೂ ಅವರು ಹೇಳಿದರು. ಹಿಂಭಾಗದಲ್ಲಿ ಸ್ಪ್ರಿಂಗಿನ ಶಾಕರ್ ಇರುವ ಸೈಕಲ್ಲಿನಲ್ಲಿ ಗಾಲಿಯ ಭಾಗವೂ ಸೀಟಿನ ಭಾಗವೂ ಬೇರೆ ಬೇರೆಯಾಗಿ ಕದಲುತ್ತವೆ. ಎರಡಕ್ಕೂ ಸೇರಿಸಿ ಸಾದಾ ಕ್ಯಾರಿಯರ್ ಬಿಗಿದರೆ ಒಂದೋ ಕ್ಯಾರಿಯರ್ ಮುರಿಯುತ್ತದೆ, ಇಲ್ಲವೇ ಚೌಕಟ್ಟು ಕೆಡುತ್ತದೆ. ಹಾಗೆಯೇ ಬೆಲೆಬಾಳುವ ಕಾರ್ಬನ್ ಚೌಕಟ್ಟಿಗೆ ಎಂದಿಗೂ ಕ್ಲಿಪ್ಪು ಹಾಕಬಾರದು. ಅಲ್ಯೂಮಿನಿಯಂ ಚೌಕಟ್ಟಿಗೆ ತೂತು ಕೊರೆಯುವ ಸಾಹಸವನ್ನಂತೂ ಯಾರೂ ಮಾಡಬಾರದು. ಕೊರೆದ ಕಡೆಯೇ ಬಿರುಕು ಹುಟ್ಟುತ್ತದೆ.

ಹೆಣ್ಣುಮಕ್ಕಳ ಸೈಕಲ್ಲು

ಸೈಕಲ್ಲು ಹೆಣ್ಣುಮಕ್ಕಳ ದುಡಿಮೆಗೂ ಜೊತೆಯಾದುದನ್ನು ಇಲ್ಲಿ ನೆನೆಯಬೇಕು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತೆಯ ಆಂದೋಲನದ ಅಂಗವಾಗಿ ಹಳ್ಳಿಯ ಮಹಿಳೆಯರು ಬಹುಸಂಖ್ಯೆಯಲ್ಲಿ ಸೈಕಲ್ ಕಲಿತು, ಹೊಲಕ್ಕೂ ಕಲ್ಲುಗಣಿಗೂ ಸಂತೆಗೂ ಅದರ ಮೇಲೆಯೇ ಹೋಗತೊಡಗಿದರು. ಕರ್ನಾಟಕದಲ್ಲಿಯೂ 2006-07ರಿಂದ ಕೆಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರ ಸೈಕಲ್ಲು ಕೊಟ್ಟಿತು. ಮಗಳ ಶಾಲೆ ಮುಗಿದ ಮೇಲೆ ತಾಯಿ ಅದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವುದು ಅಸಂಭವವೇನಲ್ಲ.

ಈ ಮಾದರಿಗೆ ಮೇಲಿನ ಬಾರು ಇಲ್ಲದ ಕಾರಣ ತ್ರಿಕೋನದ ಚೀಲ ಕೂರದು. ಇದಕ್ಕೆ ಮುಂದಿನ ಬುಟ್ಟಿಯೇ ಸರಿ. ಆದರೆ ಬರಿಯ ಹ್ಯಾಂಡಲ್ಲಿಗೆ ಕೊಂಡಿ ಹಾಕಿದ ಬುಟ್ಟಿ ಭಾರಕ್ಕೆ ಕುಸಿದು ಮಡಗಾರ್ಡಿಗೆ ತಾಗುತ್ತದೆ. ಬುಟ್ಟಿಯ ಅಡಿಯಿಂದ ಎರಡು ಸರಳುಗಳು ಇಳಿದು ಮುಂದಿನ ಗಾಲಿಯ ಅಚ್ಚಿನ ನಟ್ಟಿಗೆ ಸೇರಿರುವಂಥದನ್ನೇ ಆರಿಸಬೇಕು. ಸೀರೆಯ ಸೆರಗು, ಓಢಣಿ, ಚೀಲದ ದಾರ ಯಾವುದೂ ಗಾಲಿಗೆ ಸಿಗದಂತೆ ನೋಡಿಕೊಳ್ಳಬೇಕು.

ಹೊರಡುವ ಮುನ್ನ

ಎಲ್ಲಕ್ಕಿಂತ ದೊಡ್ಡ ಉಪಾಯಕ್ಕೆ ಹಣವೇ ಬೇಡ. ವೈನಿಯವರು ಚೀಲ ಹೊಲಿಯುವ ಮೊದಲು ಹತ್ಯಾರಗಳನ್ನೆಲ್ಲ ಚಾದರದ ಮೇಲೆ ಹರಡಿಸಿದರು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ ಒಟ್ಟು ಹದಿನಾಲ್ಕು ಕಿಲೋ ಆಯಿತು. "ಇದರಾಗ ದಿನಾ ಕೈಗೆ ಹತ್ತೂದು ಯಾವುದು?" ಎಂದು ಕೇಳಿ ಬೇರೆ ತೆಗೆಸಿದಾಗ ಉಳಿದದ್ದು ಆರೇ ಕಿಲೋ. ಮಿಕ್ಕ ಎಂಟು ಕಿಲೋವನ್ನು ಮನುಷ್ಯರು ವರ್ಷಾನುಗಟ್ಟಲೆ ಸುಮ್ಮನೆ ಹೊತ್ತು ತಿರುಗಿದ್ದರು. ಒಂದೇ ಕಡೆ ಹಲವು ದಿನ ಕೆಲಸವಿದ್ದಾಗ ಭಾರದ ಹತ್ಯಾರಗಳನ್ನು ಅಲ್ಲಿಯೇ ಬೀಗ ಹಾಕಿ ಇಡಲು ಮನೆಯವರನ್ನು ಕೇಳಿಕೊಂಡರೆ ಇಲ್ಲವೆನ್ನುವವರು ಕಡಿಮೆ. ಕೆಲಸ ಮಾಡಿಸುವ ನಾವೂ ಒಂದು ಮೂಲೆಯನ್ನು ಕೇಳುವ ಮೊದಲೇ ತೋರಿಸಬೇಕು.

ಭಾರ ಕಟ್ಟಿದ ಮೇಲೆ ಸೈಕಲ್ಲನ್ನು ಎತ್ತಿ ಒಮ್ಮೆ ನೆಲಕ್ಕೆ ಕುಕ್ಕಿ ನೋಡಿರಿ. ಸದ್ದು ಬಂದರೆ, ಕದಲಿದರೆ ಮತ್ತೆ ಬಿಗಿಯಿರಿ. ಟ್ಯೂಬಿನ ಪಟ್ಟಿಯ ತುದಿಗಳನ್ನು ಒಳಗೆ ಸಿಕ್ಕಿಸಿರಿ. ಜೋಲುವ ತುದಿ ಚೈನಿಗೆ ಸಿಗುತ್ತದೆ. ಗಾಲಿಗಳಲ್ಲಿ ಗಾಳಿ ಸರಿಯಾಗಿರಲಿ. ಭಾರವಿದ್ದಾಗ ಬ್ರೇಕು ಹಿಡಿದರೂ ಸೈಕಲ್ಲು ಇನ್ನಷ್ಟು ದೂರ ಸಾಗಿಯೇ ನಿಲ್ಲುತ್ತದೆ. ನೀಲಗಿರಿಯ ಇಳಿಜಾರಿನಲ್ಲಿರುವವರಿಗೆ ಇದನ್ನು ಒತ್ತಿ ಹೇಳಬೇಕು. ಮೊದಲ ದಿನ ನಿಮ್ಮ ಓಣಿಯಲ್ಲಿಯೇ ಒಂದು ಸುತ್ತು ಹೊಡೆದು, ತಿರುಗಿಸಿ, ನಿಲ್ಲಿಸಿ ಅಭ್ಯಾಸ ಮಾಡಿಕೊಂಡು ಆಮೇಲೆ ಹೆದ್ದಾರಿಗೆ ಇಳಿಯಿರಿ.

ನಮ್ಮ ಬಡಗಿಯವರು ಪ್ಲಾಸ್ಟರು ಬಿಚ್ಚಿ, ಇನ್ನೂ ಕೆಲವು ವಾರ ಕೈಗೆ ಬಲ ಬರುವವರೆಗೆ ಕಾದು, ಮತ್ತೆ ಕೆಲಸಕ್ಕೆ ಹೊರಟಿದ್ದಾರೆ. ಆರು ಕಿಲೋ ಹತ್ಯಾರ ತ್ರಿಕೋನದ ಚೀಲದಲ್ಲಿ, ಗರಗಸ ಬಾರಿನ ಮೇಲೆ, ರೊಟ್ಟಿಯ ಗಂಟು ಹ್ಯಾಂಡಲ್ಲಿನ ನಡುವೆ. ಬೆನ್ನು ಖಾಲಿ. ಮಣಿಕಟ್ಟು ಮೊದಲಿನಂತೆ ಪೂರ್ತಿ ತಿರುಗುವುದಿಲ್ಲ, ಸ್ಕ್ರೂ ಬಿಗಿಯುವಾಗ ನೋಯುತ್ತದೆ ಎನ್ನುತ್ತಾರೆ. ಹದಿನೈದು ದಿನಗಳಲ್ಲಿ ಓಣಿಯ ಇನ್ನಿಬ್ಬರು, ಒಬ್ಬ ಗೌಂಡಿ, ಒಬ್ಬ ವಿದ್ಯುತ್ ಕೆಲಸದ ಹುಡುಗ, ವೈನಿಯವರ ಬಳಿ ರಟ್ಟಿನ ಅಳತೆ ಹಿಡಿದು ಬಂದರು.

"ಈ ಬುದ್ಧಿ ಮೊದಲ ಬಂದಿದ್ರ ಕೈ ಉಳೀತಿತ್ತು" ಎಂದು ವೈನಿಯವರು ನಿಟ್ಟುಸಿರುಬಿಟ್ಟರು. ಓದುಗರ ಮನೆಯಲ್ಲಿಯೂ ಹ್ಯಾಂಡಲ್ಲಿಗೆ ಚೀಲ ಜೋತುಬಿಟ್ಟುಕೊಂಡು ಹೊರಡುವವರು ಯಾರಾದರೂ ಇದ್ದರೆ ನಾಳೆ ಮುಂಜಾನೆ ಅವರನ್ನು ಬಾಗಿಲಲ್ಲಿ ಒಂದು ಗಳಿಗೆ ತಡೆಯಿರಿ. ಕೈ ಮುರಿಯುವ ಮೊದಲೇ ಆ ಬುದ್ಧಿ ಬಂದರೆ ಈ ಬರಹ ಸಾರ್ಥಕ.